ದೀಪ ಆರಿದರೆ ಕಾಯಿಲೆ ವಾಸಿ ಆದಂತೆಯೇ?

"ಪುಟ್ಟೀ, ಮತ್ತೆ ಅದೇ ಹಳದಿ ದೀಪ ಕಣೇ."

ಶನಿವಾರ ಬೆಳಿಗ್ಗೆ ಶಿವಮೊಗ್ಗದಿಂದ ಅಪ್ಪನ ಫೋನು. ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳದೆ ಕೇಳದೆ ಏನೋ ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಮೆತ್ತಗೆ ಮಾತಾಡ್ತಿದ್ರು. ಹಿಂದಿನಿಂದ ಅಮ್ಮ, "ಅವಳಿಗೆ ಹೇಳ್ಬೇಡಿ ಅಂದಿದ್ನಲ್ಲ" ಅಂದಿದ್ದೂ ಕೇಳಿಸ್ತು. ಆಗ ಗೊತ್ತಾಯ್ತು, ನಾನು ಬೇಡ ಅಂದಿದ್ದರೂ ಅಪ್ಪ ಕಾರು ತಗೊಂಡು ಆಗುಂಬೆ ಘಾಟಿ ಇಳಿದು ಹತ್ತಿ ಬಂದಿದ್ದಾರೆ.

ಹೋದ ಸಲ ಈ ಅಂಕಣದಲ್ಲಿ ಟೈರ್ ಬಗ್ಗೆ ಬರೆದಾಗ ನಿಮ್ಮಲ್ಲಿ ಸುಮಾರು ಜನ ಬೇರೆಯದೇ ಪ್ರಶ್ನೆ ಕೇಳಿದ್ರಿ: "ಹಳೇ ಕಾರು, ಚೆಕ್ ಎಂಜಿನ್ ದೀಪ ಪದೇ ಪದೇ ಬರುತ್ತೆ. ಗ್ಯಾರೇಜಿನವರು ಆರಿಸಿ ಕೊಡ್ತಾರೆ, ವಾರಕ್ಕೆ ಮತ್ತೆ ಹಾಜರು. ಮಾರಿಬಿಡೋದಾ?" ಉತ್ತರ ಬರೆಯೋಕೆ ಕೂತಾಗ ನಮ್ಮ ಮನೆಯ ಕಥೆಯೇ ನೆನಪಾಯ್ತು. ಅದರಲ್ಲಿ ನಾನು ಮಾಡಿದ ತಪ್ಪೂ ಇದೆ. ಅದನ್ನೂ ಸೇರಿಸಿಯೇ ಹೇಳ್ತೀನಿ.

ಅಳಿಸಿದೆವು, ಮತ್ತೆ ಬಂತು

ನಮ್ಮದು 2013ರ ಪೆಟ್ರೋಲ್ ಸೆಡಾನ್. ಅಪ್ಪ ರಿಟೈರ್ ಆದ ವರ್ಷ ತಗೊಂಡಿದ್ದು. ಓಡಿರೋದು ಒಂದು ಲಕ್ಷ ಹದಿನೆಂಟು ಸಾವಿರ ಕಿಲೋಮೀಟರ್. ಈಗ ಅದರ ಮುಖ್ಯ ಕೆಲಸ ಒಂದೇ: ತಿಂಗಳಿಗೊಮ್ಮೆ ಅಮ್ಮನನ್ನು ಕಣ್ಣಿನ ಇಂಜೆಕ್ಷನ್‌ಗೆ ಮಣಿಪಾಲಕ್ಕೆ ಕರ್ಕೊಂಡು ಹೋಗಿ ಬರೋದು. ತೀರ್ಥಹಳ್ಳಿ, ಆಗುಂಬೆ, ಘಾಟಿಯ 14 ಹೇರ್‌ಪಿನ್ ತಿರುವು, ಸೋಮೇಶ್ವರ, ಹೆಬ್ರಿ, ಮಣಿಪಾಲ. ವಾಪಸ್ ಅದೇ ದಾರಿ.

ಅಕ್ಟೋಬರ್‌ನಲ್ಲಿ ವಾಪಸ್ ಬರುವಾಗ ಮೊದಲ ಸಲ ದೀಪ ಬಂತು. ಗ್ಯಾರೇಜಿಗೆ ಕೊಟ್ವಿ. ಸ್ಕ್ಯಾನರ್ ಹಾಕಿದ್ರು, ಏನೋ ಒತ್ತಿದ್ರು, ದೀಪ ಹೋಯ್ತು. 500 ರೂಪಾಯಿ. ಅಪ್ಪನಿಗೆ ಖುಷಿಯೋ ಖುಷಿ.

ನವೆಂಬರ್‌ನಲ್ಲಿ ಮತ್ತೆ. ಈ ಸಲ ಆಕ್ಸಿಜನ್ ಸೆನ್ಸರ್ ಬದಲಾಯಿಸಿದ್ರು, ಕೂಲಿ ಸೇರಿ 6,200. ಸ್ಪಾರ್ಕ್ ಪ್ಲಗ್ 1,600. ಅಳಿಸಿದ್ದಕ್ಕೆ ಮತ್ತೆ 500. ಡಿಸೆಂಬರ್‌ನಲ್ಲಿ ಮೂರನೇ ಸಲ. ಇಂಜೆಕ್ಟರ್ ಕ್ಲೀನಿಂಗ್ 1,800, ಅಳಿಸಿದ್ದಕ್ಕೆ 500. ಒಟ್ಟು 11,100 ರೂಪಾಯಿ ಖರ್ಚಾಗಿತ್ತು. ಅಷ್ಟಾದ ಮೇಲೆ ಗ್ಯಾರೇಜಿನವರು ನನಗೆ ಫೋನ್ ಮಾಡಿ ದನಿ ತಗ್ಗಿಸಿ ಹೇಳಿದ್ರು: "ಮೇಡಂ, ತಪ್ಪು ತಿಳ್ಕೋಬೇಡಿ. ಯಜಮಾನ್ರು ಘಾಟೀಲಿ ಹೆಚ್ಚಿನ ಗೇರಲ್ಲೇ ಎಳೀತಾರೆ ಅನ್ಸುತ್ತೆ. ಎಂಜಿನ್ ಮೇಲೆ ಲೋಡ್ ಬೀಳುತ್ತೆ. ವಯಸ್ಸಾಯ್ತಲ್ಲ."

ನಾನು ನಂಬಿದೆ. ಪ್ರತಿ ಸಲವೂ ದೀಪ ಬಂದಿದ್ದು ಘಾಟಿಯ ದಿನವೇ ತಾನೇ? ಅಪ್ಪನಿಗೆ ಫೋನ್ ಮಾಡಿ, ಆದಷ್ಟು ನಯವಾಗಿ, "ಇನ್ಮೇಲೆ ಘಾಟಿಗೆ ನೀವು ಓಡಿಸೋದು ಬೇಡ ಅಪ್ಪಾ" ಅಂದೆ. ಅವರು ಒಂದೂ ಎದುರು ಮಾತಾಡಲಿಲ್ಲ. "ಹೂಂ, ಆಯ್ತು" ಅಂದ್ರು ಅಷ್ಟೇ. ಮೂವತ್ತೈದು ವರ್ಷ ಗಾಡಿ ಓಡಿಸಿ ಒಂದು ಸಲವೂ ಎಲ್ಲಿಯೂ ತಾಗಿಸದ ಮನುಷ್ಯ.

ಜನವರಿಯಲ್ಲಿ ಇಬ್ಬರೂ ಮಿನಿ ಬಸ್ಸಿನಲ್ಲಿ ಹೋದ್ರು. ವಾಪಸ್ ಬರುವಾಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಮ್ಮ ತಿರುವು ತಿರುವಿಗೂ ವಾಂತಿ ಮಾಡ್ಕೊಂಡ್ರಂತೆ. ಇದು ನನಗೆ ಗೊತ್ತಾಗಿದ್ದು ಫೆಬ್ರವರಿಯ ಆ ಶನಿವಾರ. ಅದಕ್ಕೇ ಅಪ್ಪ ನನಗೆ ಹೇಳದೆ ಕಾರು ತೆಗೆದಿದ್ದು.

"ಅಪ್ಪಾ, ಈ ಸಲ ಯಾರಿಗೂ ದೀಪ ಆರಿಸೋಕೆ ಕೊಡ್ಬೇಡಿ. ಬ್ಯಾಟರಿ ವೈರೂ ಬಿಚ್ಚಿಸ್ಬೇಡಿ. ನಾನು ಬರ್ತೀನಿ" ಅಂದೆ.

ಹಾಗೆ ಅನ್ನೋಕೆ ಕಾರಣ ಇತ್ತು. ನನ್ನ ಕೆಲಸ ಸಾಫ್ಟ್‌ವೇರ್ ಸಪೋರ್ಟ್. ಅದೇ ವಾರ ನಮ್ಮ ತಂಡದ ಹೊಸ ಹುಡುಗನೊಬ್ಬ ಎರರ್ ಲಾಗ್ ಎಲ್ಲ ಡಿಲೀಟ್ ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿ, ಟಿಕೆಟ್ ಕ್ಲೋಸ್ ಮಾಡಿದ್ದ. "ಸಮಸ್ಯೆ ಹೋಗಿಲ್ಲ, ಸಾಕ್ಷಿ ಮಾತ್ರ ಹೋಯ್ತು" ಅಂತ ಅವನಿಗೆ ಅರ್ಧ ಗಂಟೆ ಕೊರೆದಿದ್ದೆ. ಮನೆಯ ಕಾರಿನಲ್ಲಿ ನಾಲ್ಕು ತಿಂಗಳಿಂದ ನಾನು ಮಾಡಿಸ್ತಾ ಇದ್ದಿದ್ದೂ ಅದನ್ನೇ.

ಕೋಡ್ ಅಂದ್ರೆ ದೂರು, ತೀರ್ಪಲ್ಲ

ಸ್ವಲ್ಪ ಹಿನ್ನೆಲೆ. ಎಂಜಿನ್ ನೋಡಿಕೊಳ್ಳೋ ಕಂಪ್ಯೂಟರಿಗೆ ಇಸಿಯು ಅಂತಾರೆ. ಸೆನ್ಸರ್‌ಗಳು ಹೇಳೋ ಲೆಕ್ಕ ತಾಳೆಯಾಗದೆ ಇದ್ದಾಗ ಅದು ಒಂದು ಕೋಡ್ ಬರೆದಿಟ್ಟು ದೀಪ ಹಚ್ಚುತ್ತೆ. ಈ ವ್ಯವಸ್ಥೆಯ ಹೆಸರು ಓಬಿಡಿ. ಅಮೆರಿಕದಲ್ಲಿ ಇದರ ಎರಡನೇ ಹಂತ 1996ರ ಮಾಡೆಲ್‌ಗಳಿಂದಲೇ ಕಡ್ಡಾಯ. ನಮ್ಮಲ್ಲಿ ಭಾರತ್ ಸ್ಟೇಜ್ 4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂತು. ನಿಮ್ಮ ಕಾರು 2013ರ ನಂತರದ್ದಾದರೆ ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಕೈಯಾಡಿಸಿ ನೋಡಿ. 16 ಪಿನ್ನಿನ ಒಂದು ಸಾಕೆಟ್ ಸಿಗುತ್ತೆ. ಅದಕ್ಕೆ ಸಿಕ್ಕಿಸೋ ಬ್ಲೂಟೂತ್ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಬರುತ್ತೆ. ಫೋನಿನಲ್ಲಿ ಒಂದು ಆ್ಯಪ್ ಹಾಕ್ಕೊಂಡ್ರೆ ಆಯ್ತು.

ಕೋಡ್ ಓದೋದೂ ಕಷ್ಟವಲ್ಲ. ಮೊದಲ ಅಕ್ಷರ ಪಿ ಆದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಬಿ ಆದರೆ ಬಾಡಿ, ಸಿ ಆದರೆ ಚಾಸಿ, ಯು ಆದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಆಮೇಲಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದೇ ಅರ್ಥ, ಬೇರೆ ಕಾರಿನ ಪಟ್ಟಿ ನೋಡಿ ಉಪಯೋಗವಿಲ್ಲ. ಮೂರನೆಯದು ವಿಭಾಗ: 1 ಮತ್ತು 2 ಗಾಳಿ-ಪೆಟ್ರೋಲ್, 3 ಕಿಡಿ, 4 ಹೊಗೆ ನಿಯಂತ್ರಣ. ಕೊನೆಯ ಎರಡು ಅಂಕಿ ನಿರ್ದಿಷ್ಟ ದೂರು.

ನಮ್ಮ ಕಾರಿನಲ್ಲಿ ಇದ್ದಿದ್ದು ಪಿ0171. ಅರ್ಥ: ಮಿಶ್ರಣ ತೆಳುವಾಗಿದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಜೊತೆಗೆ ಇನ್ನೂ ಪಕ್ಕಾ ಆಗದ, 'ಪೆಂಡಿಂಗ್' ಪಟ್ಟಿಯಲ್ಲಿ ಪಿ0300. ಯಾವುದೋ ಒಂದು ಸಿಲಿಂಡರ್ ಅಂತಲ್ಲ, ಅಲ್ಲಲ್ಲಿ ಕಿಡಿ ತಪ್ಪುತ್ತಿದೆ ಅಂತ.

ಗಮನಿಸಿ, ಪಿ0171 ಎಲ್ಲಿಯೂ "ಆಕ್ಸಿಜನ್ ಸೆನ್ಸರ್ ಕೆಟ್ಟಿದೆ" ಅನ್ನಲಿಲ್ಲ. "ಮಿಶ್ರಣ ತೆಳು ಅಂತ ಆಕ್ಸಿಜನ್ ಸೆನ್ಸರ್ ಹೇಳ್ತಾ ಇದೆ" ಅಂದಿತ್ತು. ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದವನನ್ನೇ ಮನೆಯಿಂದ ಹೊರಗೆ ಹಾಕಿದ ಹಾಗೆ, ಸರಿಯಾಗಿ ಕೆಲಸ ಮಾಡ್ತಿದ್ದ ಸೆನ್ಸರನ್ನು ನಾವು 6,200 ಕೊಟ್ಟು ತೆಗೆಸಿದ್ವಿ.

ಮಿಶ್ರಣ ತೆಳುವಾಗೋಕೆ ಕಾರಣ ಏಳೆಂಟು. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಬರ್ತಿರಬಹುದು. ಗಾಳಿ ಅಳೆಯೋ ಮಾಸ್ ಏರ್ ಫ್ಲೋ ಸೆನ್ಸರ್ ಧೂಳು ಹಿಡಿದು ಕಮ್ಮಿ ಲೆಕ್ಕ ಕೊಡ್ತಿರಬಹುದು. ಪೆಟ್ರೋಲ್ ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿಕೊಂಡಿರಬಹುದು. ಇಂಜೆಕ್ಟರ್ ಕೊಳೆಯಾಗಿರಬಹುದು. ಸೈಲೆನ್ಸರ್ ಕಡೆ, ಸೆನ್ಸರ್‌ಗಿಂತ ಮುಂಚೆ, ಪೈಪ್ ಬಿರುಕು ಬಿಟ್ಟಿರಬಹುದು. ಹಾಗಾದರೆ ಯಾವುದು? ಇದಕ್ಕೆ ಕೋಡ್ ಉತ್ತರ ಹೇಳಲ್ಲ. ಉತ್ತರ ಇರೋದು ಕೋಡಿನ ಹಿಂದಿನ ಪುಟದಲ್ಲಿ.

ಆ ಕ್ಷಣದ ಫೋಟೋ

ಆ ಪುಟಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ತೊಂದರೆ ದಾಖಲಾದ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಅನ್ನೋದರ ಒಂದು ಫೋಟೋ: ಎಷ್ಟು ಸುತ್ತು, ಎಷ್ಟು ವೇಗ, ಎಷ್ಟು ಬಿಸಿ, ಎಷ್ಟು ಲೋಡ್. ಕೋಡ್ ಅಳಿಸಿದ ಕೂಡಲೇ ಇದೂ ಹೋಗುತ್ತೆ. ಮೂರು ಸಲ ನಮ್ಮ ಕೈಯಲ್ಲಿದ್ದ ಫೋಟೋವನ್ನು ದುಡ್ಡು ಕೊಟ್ಟು ಹರಿಸಿದ್ವಿ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾರಿನ ಬಾಗಿಲು ತೆಗೆದು ಕೂತೆ. ಅಪ್ಪ ಕಾಫಿ ಲೋಟ ಹಿಡ್ಕೊಂಡು ಸ್ವಲ್ಪ ದೂರದಲ್ಲೇ ನಿಂತಿದ್ರು, ರಿಸಲ್ಟ್ ನೋಡೋಕೆ ಬಂದ ವಿದ್ಯಾರ್ಥಿ ಹಾಗೆ. ಅಡಾಪ್ಟರ್ ಸಿಕ್ಕಿಸಿ, ಕೀ ಆನ್ ಮಾಡಿ, ಫ್ರೀಜ್ ಫ್ರೇಮ್ ತೆಗೆದೆ.

ಎಂಜಿನ್ ತಾಪ: 94 ಡಿಗ್ರಿ. 
ಎಂಜಿನ್ ಸುತ್ತು: ನಿಮಿಷಕ್ಕೆ 820. 
ವಾಹನದ ವೇಗ: 0.

ಮತ್ತೊಂದು ಸಲ ನೋಡಿದೆ. ಸೊನ್ನೆಯೇ.

"ಅಪ್ಪಾ, ದೀಪ ಬಂದಾಗ ಘಾಟಿ ಹತ್ತುತಾ ಇದ್ರಾ?"

"ಹೂಂ. ಅಂದ್ರೆ... ಘಾಟಿಯಲ್ಲೇ."

"ಓಡಿಸ್ತಾ ಇದ್ರಾ, ನಿಂತಿದ್ರಾ?"

ಅಪ್ಪ ಯೋಚಿಸಿದ್ರು. ಅಮ್ಮ ಒಳಗಿಂದಲೇ ಹೇಳಿದ್ರು: "ಸೂರ್ಯಾಸ್ತ ನೋಡೋ ಜಾಗದಲ್ಲಿ ನಿಲ್ಸಿದ್ರಲ್ಲ. ನನ್ನ ಕಣ್ಣಿಗೆ ಡ್ರಾಪ್ಸ್ ಹಾಕೋಕೆ. ಬಿಸಿಲು ಅಂತ ಎಸಿ ಹಾಕ್ಕೊಂಡೇ ಕೂತಿದ್ವಿ, ಒಂದು ಹತ್ತು ನಿಮಿಷ. ಹೊರಡೋವಾಗ ನೀವೇ ಅಂದ್ರಿ, ಬಂತು ನೋಡು ದೀಪ ಅಂತ."

"ಹೋದ ಸಲಗಳಲ್ಲೂ ಅಲ್ಲೇ ನಿಲ್ಸಿದ್ರಾ?"

"ಪ್ರತಿ ಸಲವೂ ಅಲ್ಲೇ. ಡ್ರಾಪ್ಸಿಗೆ ಟೈಮ್ ಅಂತ ಇರುತ್ತಲ್ಲ."

ನನಗೆ ಏನು ಹೇಳ್ಬೇಕು ಅಂತ ತೋಚಲಿಲ್ಲ. ದೀಪ ಬಂದಿದ್ದು ಅಪ್ಪ ಗೇರ್ ತಪ್ಪು ಹಾಕಿದಾಗ ಅಲ್ಲ. ಕಾರು ನಿಂತಿತ್ತು. ಗೇರೇ ಹಾಕಿರಲಿಲ್ಲ. ಅವರು ಅಮ್ಮನ ಕಣ್ಣಿಗೆ ಔಷಧ ಹಾಕ್ತಾ ಇದ್ದರು.

ಸಾರಿಗೆ ಉಪ್ಪು ಹಾಕೋ ಲೆಕ್ಕ

ಅದೇ ಪುಟದಲ್ಲಿ ಇನ್ನೊಂದು ಅಂಕಿ ಇತ್ತು. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್: ಪ್ಲಸ್ 24.

ಇದೇನು ಅಂತ ಅಪ್ಪನಿಗೆ ವಿವರಿಸೋಕೆ ಅಡುಗೆಮನೆಯ ಉದಾಹರಣೆ ಕೊಟ್ಟೆ. ಅಮ್ಮ ಸಾರು ಮಾಡುವಾಗ ರುಚಿ ನೋಡಿ ಚಿಟಿಕೆ ಉಪ್ಪು ಹಾಕ್ತಾರೆ. ಇದು ಶಾರ್ಟ್ ಟರ್ಮ್ ಟ್ರಿಮ್, ಆಗಿಂದಾಗಿನ ತಿದ್ದುಪಡಿ. ಈ ಸಲ ತಂದ ಉಪ್ಪೇ ಸಪ್ಪೆ ಅಂತ ಗೊತ್ತಾದರೆ ಮೊದಲಿಗೇ ಒಂದು ಚಮಚ ಜಾಸ್ತಿ ಹಾಕ್ತಾರಲ್ಲ, ಅದು ಲಾಂಗ್ ಟರ್ಮ್. ಎಂಜಿನ್ ಕೂಡ ಹೀಗೇ. ಬರೀ ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ರುಚಿ ನೋಡುತ್ತೆ, ಇಸಿಯು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತೆ. ಸಾಮಾನ್ಯವಾಗಿ ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ತಲೆಬಿಸಿ ಬೇಡ. ಪ್ಲಸ್ 24 ಅಂದ್ರೆ ಮಾಮೂಲಿಗಿಂತ ನೂರಕ್ಕೆ 24ರಷ್ಟು ಜಾಸ್ತಿ ಪೆಟ್ರೋಲ್ ಸುರಿದು ಸುರಿದು, ಇನ್ನು ನನ್ನ ಕೈಲಾಗಲ್ಲ ಅಂತ ಇಸಿಯು ದೀಪ ಹಚ್ಚಿದೆ.

ಆಮೇಲೆ ಮಾಡಿದ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಕಾರನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎರಡೂ ಟ್ರಿಮ್ ಸೇರಿಸಿ ನೋಡಿದೆ.

ಸುಮ್ಮನೆ ಐಡಲ್‌ನಲ್ಲಿ: ಪ್ಲಸ್ 24. 
ಆಕ್ಸಿಲರೇಟರ್ ಒತ್ತಿ 2,500 ಸುತ್ತಿನಲ್ಲಿ ಹಿಡಿದಾಗ: ಪ್ಲಸ್ 9.

ಇಲ್ಲಿ ಗುಟ್ಟು ಬಯಲಾಯ್ತು. ಪೆಟ್ರೋಲ್ ಪಂಪ್ ಸೋತಿದ್ದರೆ ಜಾಸ್ತಿ ಪೆಟ್ರೋಲ್ ಬೇಕಾದಾಗ, ಅಂದ್ರೆ ಜೋರಾಗಿ ಓಡಿಸುವಾಗ, ಅಂಕಿ ಏರಬೇಕಿತ್ತು. ಇಲ್ಲಿ ಉಲ್ಟಾ. ನಿಂತಾಗ ಕೆಟ್ಟದ್ದು, ಸುತ್ತು ಏರಿದಾಗ ಒಳ್ಳೆಯದು. ಮಾಸ್ ಏರ್ ಫ್ಲೋ ಸೆನ್ಸರ್ ಇರೋ ಕಾರಿನಲ್ಲಿ ಇದು ಕಳ್ಳಗಾಳಿಯ ಗುರುತು. ಐಡಲ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತೆ, ಒಳಗೆ ಎಳೆತ ಜೋರು. ಸಣ್ಣ ಬಿರುಕಿದ್ದರೂ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತೆ. ಎಂಜಿನ್ ಅಷ್ಟು ಸಮಯಕ್ಕೆ ಬಳಸೋ ಗಾಳಿಯೇ ಸ್ವಲ್ಪ, ಹಾಗಾಗಿ ಕಳ್ಳಗಾಳಿಯ ಪಾಲು ದೊಡ್ಡದು. ಸುತ್ತು ಏರಿದಾಗ ಲೆಕ್ಕದ ಗಾಳಿ ಧಾರಾಳವಾಗಿ ಬರುತ್ತೆ, ಕಳ್ಳನ ಪಾಲು ಲೆಕ್ಕಕ್ಕೇ ಇರಲ್ಲ.

ನಿಮ್ಮ ಕಾರಿನಲ್ಲಿ ಮಾಸ್ ಏರ್ ಫ್ಲೋ ಬದಲು ಮ್ಯಾಪ್ ಸೆನ್ಸರ್ ಇದ್ದರೆ (ನಮ್ಮ ಎಷ್ಟೋ ಸಣ್ಣ ಕಾರುಗಳಲ್ಲಿ ಹಾಗೇ) ಇದೇ ಬಿರುಕು ಬೇರೆ ರೀತಿ ಕಾಣಬಹುದು. ಟ್ರಿಮ್ ಅಷ್ಟು ಏರದೆ ಐಡಲ್ ಸುತ್ತೇ ಜಾಸ್ತಿಯಾಗಬಹುದು. ಅದಕ್ಕೇ ಮೊದಲು ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ತಿಳ್ಕೊಳ್ಳಿ.

ಅಂಗೈ ಉದ್ದದ ರಬ್ಬರು

ಸೋಮವಾರ ರಜೆ ಹಾಕಿದೆ. ಅಪ್ಪನೂ ನಾನೂ ಬೇರೆ ಗ್ಯಾರೇಜಿಗೆ ಹೋದ್ವಿ. ಚಿಕ್ಕದು, ಒಂದೇ ಶೆಡ್ಡು, ಐವತ್ತು ದಾಟಿದ ಒಬ್ಬ ಮೇಸ್ತ್ರಿ. ಫೋನಿನ ಸ್ಕ್ರೀನ್‌ಶಾಟ್ ತೋರಿಸಿ, "ಅಣ್ಣಾ, ನಿಂತಾಗ 24, ರೇಸ್ ಮಾಡಿದ್ರೆ 9" ಅಂದೆ. ಅವರು ಅಂಕಿಗಿಂತ ನನ್ನ ಮುಖ ಜಾಸ್ತಿ ನೋಡಿದ್ರು. ಆಮೇಲೆ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಕಿವಿ ಕೊಟ್ಟು ನಿಂತರು. ಒಂದು ಬಾಟಲಿಯಲ್ಲಿ ಸೋಪಿನ ನೀರು ತಂದು ಇನ್‌ಟೇಕ್ ಸುತ್ತಲಿನ ಒಂದೊಂದೇ ಪೈಪಿಗೆ ಸಿಂಪಡಿಸ್ತಾ ಬಂದರು.

ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ, ಕಣ್ಣಿಗೆ ಕಾಣದ ಮೂಲೆಯಲ್ಲಿ, ನೀರು ತಾಗಿದ್ದೇ ಎಂಜಿನ್ ಸದ್ದು ಒಂದು ಕ್ಷಣ ಬದಲಾಯ್ತು. ಮೇಸ್ತ್ರಿ ಆ ಪೈಪನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. ತೂಗಾಡ್ತಿದ್ದ ಐಡಲ್ ನೆಟ್ಟಗೆ ನಿಂತಿತು. ಬಿಟ್ಟರು, ಮತ್ತೆ ತೂಗಾಟ.

"ಸಿಕ್ತು ಬಿಡಿ" ಅಂದ್ರು.

ಪಿಸಿವಿ ಪೈಪ್. ಎಂಜಿನ್ ಹೊಟ್ಟೆಯಲ್ಲಿ ಸೇರೋ ಆವಿಯನ್ನು ವಾಪಸ್ ಇನ್‌ಟೇಕ್‌ಗೆ ಕಳಿಸೋ ಅಂಗೈ ಉದ್ದದ ರಬ್ಬರ್ ಬಾಗು. ಹನ್ನೆರಡು ವರ್ಷದ ಬಿಸಿಗೂ ಆಯಿಲ್ ಆವಿಗೂ ಮೆತ್ತಗಾಗಿ, ಬಾಗಿನ ಅಡಿಭಾಗದಲ್ಲಿ ಬಾಯಿ ಬಿಟ್ಟಿತ್ತು. ತಣ್ಣಗಿದ್ದಾಗ ಕೂಡಿಕೊಂಡಂತೆ ಕಾಣ್ತಿತ್ತು, ಬಿಸಿಯಾಗಿ ಮೆತ್ತಗಾದಾಗ ತೆರೆದುಕೊಳ್ತಿತ್ತು. ಊರೊಳಗೆ ತರಕಾರಿಗೆ ಅಂತ ಎರಡು ಕಿಲೋಮೀಟರ್ ಓಡಿಸಿದಾಗ ದೀಪ ಬಾರದೆ, ಘಾಟಿ ಹತ್ತಿ ಕಾದ ಎಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿದಾಗ ಬರ್ತಿದ್ದದ್ದು ಅದಕ್ಕೇ. ಮೇಲಾಗಿ ಇಂಥ ಕೋಡ್‌ಗಳಲ್ಲಿ ಹೆಚ್ಚಿನವಕ್ಕೆ ಒಂದು ಸಲ ತಪ್ಪು ಕಂಡರೆ ಸಾಲದು. ಎರಡು ಪಯಣಗಳಲ್ಲಿ ಕಂಡ ಮೇಲೆಯೇ ದೀಪ. ಅಳಿಸಿದ ಮೇಲೆ ಕೆಲವು ದಿನ ಎಲ್ಲ ಸರಿಯಾದಂತೆ ಕಾಣೋದರ ಹಿಂದಿನ ಮೋಸವೂ ಇದೇ.

ಪೈಪಿಗೆ 380 ರೂಪಾಯಿ. ಕೂಲಿ 300. ಒಟ್ಟು 680.

ಕಿಡಿ ತಪ್ಪುವ ಪಿ0300 ಕೂಡ ಆಮೇಲೆ ಬರಲಿಲ್ಲ. ಅದಕ್ಕೆ ಬೇರೆ ಔಷಧ ಬೇಕಿರಲಿಲ್ಲ, ತೆಳು ಮಿಶ್ರಣ ಸರಿಯಾಗಿ ಉರಿಯದೆ ಅದೂ ಬಂದಿತ್ತು ಅಷ್ಟೇ.

ಹೊಸ ಪೈಪ್ ಹಾಕಿದ ಮೇಲೆ ಐಡಲ್‌ನಲ್ಲಿ ಟ್ರಿಮ್ ಇಳೀತಾ ಇಳೀತಾ ಕೆಲವು ದಿನಕ್ಕೆ ಪ್ಲಸ್ 7ಕ್ಕೆ ಬಂದು ನಿಂತಿತು. ಸೊನ್ನೆ ಯಾಕಿಲ್ಲ ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ಪೆಟ್ರೋಲಿನಲ್ಲೇ ಇದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು, ಅಂದ್ರೆ ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಅದಕ್ಕೆ ಬೇಕಾದ ಗಾಳಿ ಕಮ್ಮಿ. ಬರೀ ಪೆಟ್ರೋಲ್ ಲೆಕ್ಕದಲ್ಲಿ ಕಲಿತ ಹಳೇ ಇಸಿಯು ಇದನ್ನು ಸರಿದೂಗಿಸೋಕೆ ಇನ್ನಷ್ಟು ಸುರಿಯುತ್ತೆ. ಹಾಗಾಗಿ ಹಳೇ ಕಾರಿನ ಟ್ರಿಮ್ ಮೊದಲೇ ಸ್ವಲ್ಪ ಪ್ಲಸ್ ಕಡೆ ವಾಲಿರುತ್ತೆ. ಮುಂಚೆಯಾಗಿದ್ದರೆ ಗಮನಕ್ಕೇ ಬಾರದ ಸಣ್ಣ ಬಿರುಕು ಈಗ ದೀಪ ಹಚ್ಚಿಸಿಬಿಡಬಹುದು. "ಇಷ್ಟು ವರ್ಷ ಇಲ್ಲದ್ದು ಈಗೇನು" ಅಂತ ಕೇಳಿದವರಿಗೆ ಇದೂ ಒಂದು ಉತ್ತರ.

ನಿಮ್ಮ ಕಾರಿನಲ್ಲೂ ದೀಪ ಮರುಕಳಿಸ್ತಿದ್ರೆ

ಮೊದಲು ದೀಪದ ನಡವಳಿಕೆ ನೋಡಿ. ಹಳದಿ ದೀಪ ಸ್ಥಿರವಾಗಿ ಉರೀತಿದ್ದು ಕಾರು ಮಾಮೂಲಾಗಿ ಓಡ್ತಿದ್ರೆ ನಿಧಾನಕ್ಕೆ ಮನೆಗೋ ಗ್ಯಾರೇಜಿಗೋ ಹೋಗಬಹುದು. ಮಿಣುಕ್ತಾ ಇದ್ರೆ ಕಿಡಿ ಜೋರಾಗಿ ತಪ್ಪುತ್ತಿದೆ ಅಂತ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಟ್ಟುಬಿಡಬಹುದು. ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ. ಕೆಂಪು ಆಯಿಲ್ ದೀಪ ಬಂದ್ರೆ ಅಥವಾ ತಾಪದ ಮುಳ್ಳು ಕೆಂಪಿಗೆ ಹೋದ್ರೆ ಕೋಡ್ ಓದೋ ಮಾತೇ ಇಲ್ಲ, ಎಂಜಿನ್ ಆಫ್ ಮಾಡಿ.

ಅಳಿಸೋ ಮುಂಚೆ ಮೂರು ಸ್ಕ್ರೀನ್‌ಶಾಟ್ ತೆಗೀರಿ. ಪಕ್ಕಾ ಕೋಡ್‌ಗಳು, ಪೆಂಡಿಂಗ್ ಕೋಡ್‌ಗಳು, ಫ್ರೀಜ್ ಫ್ರೇಮ್. ಗ್ಯಾರೇಜಿಗೆ ಕೊಡೋದಾದರೂ "ಮೊದಲು ಓದಿ ತೋರಿಸಿ, ಆಮೇಲೆ ಅಳಿಸಿ" ಅಂತ ಹೇಳಿ. ಇದು ಕೇಳೋದು ಜಗಳವಲ್ಲ, ನಿಮ್ಮ ರಕ್ತಪರೀಕ್ಷೆಯ ರಿಪೋರ್ಟ್ ಕೇಳಿ ಪಡೆದ ಹಾಗೆ.

ಕೋಡ್ ರಾಶಿ ನೋಡಿ ಹೆದರಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದಿದ್ರೆ ಮೊದಲು ಬ್ಯಾಟರಿ, ಅದರ ಟರ್ಮಿನಲ್, ಅರ್ಥಿಂಗ್ ವೈರ್ ನೋಡಿಸಿ. ವೋಲ್ಟೇಜ್ ಕುಸಿದಾಗ ಇಸಿಯು ಎಲ್ಲರ ಮೇಲೂ ದೂರು ಬರೆಯುತ್ತೆ.

ಪಾರ್ಟ್ ಕೊಳ್ಳೋ ಮುಂಚೆ ಅದಲು ಬದಲು ಮಾಡಿ ನೋಡಿ. ಪಿ0301 ಅಂದ್ರೆ ಮೊದಲನೇ ಸಿಲಿಂಡರ್‌ನಲ್ಲಿ ಕಿಡಿ ತಪ್ಪುತ್ತಿದೆ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರೋ ಕಾರಾದರೆ ಮೊದಲನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಮೊದಲನೆಯದಕ್ಕೆ ಹಾಕಿಸಿ. ಕೋಡ್ ಪಿ0303 ಆಗಿ ಬದಲಾದ್ರೆ ತಪ್ಪು ಕಾಯಿಲ್‌ನದು. ಪಿ0301 ಆಗಿಯೇ ಉಳಿದ್ರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಿ.

ಪಿ0420 ಬಂದ ತಕ್ಷಣ ಕನ್ವರ್ಟರ್ ಬದಲಾಯಿಸಬೇಡಿ. ಅದು ದುಬಾರಿ ಬಾಬತ್ತು. ಮೊದಲು ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದೆಯಾ, ಕಿಡಿ ತಪ್ಪುವ ಕೋಡ್ ಜೊತೆಗಿದೆಯಾ, ಹಿಂದಿನ ಆಕ್ಸಿಜನ್ ಸೆನ್ಸರ್ ಸರಿ ಇದೆಯಾ ನೋಡಿಸಿ. ಕನ್ವರ್ಟರ್ ನಿಜವಾಗ್ಲೂ ಸತ್ತಿದ್ದರೆ ಅದನ್ನು ಕೊಂದಿದ್ದು ಯಾವುದು ಅಂತ ಹುಡುಕದೆ ಹೊಸದು ಹಾಕಿಸಿದ್ರೆ ಹೊಸದೂ ಸಾಯುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಸೆನ್ಸರ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಯಾವತ್ತಿಗೂ ಗೊತ್ತಾಗಲ್ಲ. ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ ತಗೊಳ್ಳಿ.

ಅಳಿಸೋದು ಕೊನೆಯ ಕೆಲಸ. ರಿಪೇರಿ ಆದ ಮೇಲೆ ಅಳಿಸಿ, ಒಂದು ವಾರ ಮಾಮೂಲಿ ಓಡಾಟ ಮಾಡಿ, ಪೆಂಡಿಂಗ್ ಪಟ್ಟಿ ಮತ್ತೆ ನೋಡಿ. ಅಲ್ಲಿ ಖಾಲಿ ಇದ್ರೆ ನಿಜಕ್ಕೂ ಗುಣ. ಅಡಾಪ್ಟರನ್ನು ಸಾಕೆಟ್‌ನಲ್ಲೇ ಬಿಟ್ಟು ಹೋಗಬೇಡಿ, ಬ್ಯಾಟರಿ ತಿನ್ನುತ್ತೆ. ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳನ್ನು ಈ ಅಗ್ಗದ ಅಡಾಪ್ಟರ್ ಸಾಮಾನ್ಯವಾಗಿ ಓದಲ್ಲ. ಅವಕ್ಕೆ ಗ್ಯಾರೇಜಿನ ಸ್ಕ್ಯಾನರೇ ಬೇಕು.

ಇನ್ನು "ಮಾರಿಬಿಡೋದಾ" ಅನ್ನೋ ಪ್ರಶ್ನೆ. ತೊಂದರೆ ಏನು ಅಂತ ಗೊತ್ತಾದ ಮೇಲೆ ಆ ರಿಪೇರಿ ಖರ್ಚನ್ನು ಕಾರಿನ ಬೆಲೆ ಜೊತೆ ಹೋಲಿಸಿ ನಿರ್ಧಾರ ಮಾಡಿ. ತೊಂದರೆ ಏನು ಅಂತಲೇ ಗೊತ್ತಿಲ್ಲದಾಗ ಮಾರಿದ್ರೆ 680 ರೂಪಾಯಿಯ ಪೈಪಿಗೆ ಹೆದರಿ ಕಾರು ಕಳ್ಕೊಂಡ ಹಾಗಾಗುತ್ತೆ.

ಮಾರ್ಚ್ ತಿಂಗಳ ಘಾಟಿ

ಗ್ಯಾರೇಜಿನಿಂದ ವಾಪಸ್ ಬರುವಾಗ ಅಪ್ಪನಿಗೆ, "ನಿಮ್ಮ ತಪ್ಪಲ್ಲ ಅದು. ನಾನು ಹಾಗೆ ಹೇಳಬಾರದಿತ್ತು" ಅಂದೆ. ಅವರು ಕಿಟಕಿ ಆಚೆ ನೋಡ್ತಾ, "ಹೋಗ್ಲಿ ಬಿಡು. ನನಗೂ ಅನುಮಾನ ಬಂದಿತ್ತು, ಕೈ ನಡುಗ್ತಿದ್ಯೇನೋ ಅಂತ. ರಾತ್ರಿ ಎದ್ದು ಕೈ ಚಾಚಿ ನೋಡ್ಕೋತಿದ್ದೆ" ಅಂದ್ರು.

ಅದನ್ನು ಕೇಳಿದ ಮೇಲೆ ಮನೆ ತಲುಪೋವರೆಗೂ ನನಗೆ ಮಾತು ಬರಲಿಲ್ಲ.

ಮಾರ್ಚ್‌ನಲ್ಲಿ ನಾನೂ ಜೊತೆಗೆ ಹೋದೆ. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತೆ. ಸೋಮೇಶ್ವರದಿಂದ ಮೇಲಕ್ಕೆ ಅಪ್ಪ ಪ್ರತಿ ತಿರುವಿಗೂ ಮುಂಚೆಯೇ ಎರಡನೇ ಗೇರಿಗೆ ಇಳಿಸಿ, ಹಾರ್ನ್ ಕೊಟ್ಟು, ಎದುರಿನಿಂದ ಬರುವ ಬಸ್ಸಿಗೆ ದಾರಿ ಬಿಟ್ಟು, ನೀರಿನ ಲೋಟ ಚೆಲ್ಲದ ಹಾಗೆ ಹತ್ತಿಸಿದ್ರು. ಮೇಲೆ ಬಂದು ಅದೇ ಜಾಗದಲ್ಲಿ ನಿಲ್ಲಿಸಿದ್ರು. ಎಂಜಿನ್ ಓಡ್ತಾ ಇತ್ತು, ಎಸಿ ಆನ್ ಇತ್ತು. ಅಮ್ಮ ತಲೆ ಹಿಂದಕ್ಕೆ ವಾಲಿಸಿದ್ರು, ಅಪ್ಪ ಮುಂದಿನ ಸೀಟಿನಿಂದ ತಿರುಗಿ ಒಂದೊಂದೇ ಹನಿ ಹಾಕಿದ್ರು. ಕೈ ಒಂಚೂರೂ ನಡುಗಲಿಲ್ಲ.

ನಾನು ಮಾತ್ರ ಆ ಹತ್ತು ನಿಮಿಷ ಡ್ಯಾಶ್‌ಬೋರ್ಡ್ ಕಡೆ ನೋಡ್ತಾನೇ ಕೂತಿದ್ದೆ. ದೀಪ ಬರಲಿಲ್ಲ.

ನಿಮ್ಮ ಕಾರಿಗೂ ಇಂಥದ್ದೇ ಕಾಟ ಇದ್ರೆ ಬರೆದು ಕಳಿಸಿ. ಕಾರಿನ ವಯಸ್ಸು, ಓಡಿದ ಕಿಲೋಮೀಟರ್, ಕೋಡ್, ಜೊತೆಗೆ ಫ್ರೀಜ್ ಫ್ರೇಮ್ ಸ್ಕ್ರೀನ್‌ಶಾಟ್. ಅಳಿಸಿದ ಮೇಲೆ ಅಲ್ಲ, ಅಳಿಸೋ ಮುಂಚೆ!